ಹೆಬ್ಬಾಳದ ಹುಳದ ಆಫೀಸು

ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಂತ ಒಂದು ಸಂಸ್ಥೆ ಇದೆ. ನಮ್ಮಂಥ ಸಾಫ್ಟ್‌ವೇರ್ ಜನ ಬಳ್ಳಾರಿ ರಸ್ತೆಯ ಟ್ರಾಫಿಕ್ಕಿಗೆ ಬೈಕೊಂಡು ಓಡಾಡ್ತೀವೇ ಹೊರತು ಇದರ ಕಡೆ ತಿರುಗಿ ನೋಡಲ್ಲ. ಇಲ್ಲಿ ನಡೆಯೋ ಕೆಲಸದ ಬೇರು ಮಾತ್ರ ಇಂಗ್ಲೆಂಡಿನಲ್ಲಿದೆ.

1927ರಲ್ಲಿ ಫಾರ್ನ್‌ಹ್ಯಾಮ್ ರಾಯಲ್ ಅನ್ನೋ ಊರಲ್ಲಿ ಒಂದು ಪ್ರಯೋಗಾಲಯ ಶುರುವಾಯ್ತು. ಐಡಿಯಾ ಸರಳ. ಒಂದು ಕೀಟ ದೇಶ ಬಿಟ್ಟು ದೇಶಕ್ಕೆ ಹೋದಾಗ ಅದರ ಶತ್ರು ತವರಲ್ಲೇ ಉಳಿದುಬಿಡುತ್ತೆ. ಆ ಶತ್ರುವನ್ನ ಹುಡುಕಿ, ಪರೀಕ್ಷೆ ಮಾಡಿ, ಕಳಿಸಿಕೊಟ್ಟರೆ ಔಷಧಿ ಹೊಡೆಯೋ ಖರ್ಚು ಉಳಿಯುತ್ತೆ. ಅದೇ ಮುಂದೆ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯಾಯ್ತು. ಅದರ ಭಾರತದ ಕೇಂದ್ರ 1957ರಲ್ಲಿ ಬೆಂಗಳೂರಿಗೆ ಬಂತು, ವಿ.ಪಿ. ರಾವ್ ಅವರ ನೇತೃತ್ವದಲ್ಲಿ. ಇದೇ ಸಂಸ್ಥೆಗೆ ರಾವಲ್ಪಿಂಡಿಯಲ್ಲೂ ಒಂದು ಕೇಂದ್ರ ಇತ್ತು. 1965ರಲ್ಲಿ ಎರಡೂ ದೇಶ ಯುದ್ಧ ಮಾಡಿದವು, ಹುಳ ಹುಡುಕೋರು ಮಾತ್ರ ಒಂದೇ ಸಂಸ್ಥೆಯ ನೌಕರರು!

ಆಗ ನಾವು ಬರೀ ಪಡೆಯೋರಾಗಿರಲಿಲ್ಲ, ಕೊಡೋರೂ ಆಗಿದ್ವಿ. ಕಬ್ಬಿನ ಕಾಂಡ ಕೊರಕಕ್ಕೆ ಮದ್ದಾಗಿ 1960ರ ದಶಕದಲ್ಲಿ ಭಾರತದ ಒಂದು ಪುಟ್ಟ ಕಣಜ ಬಾರ್ಬಡೋಸ್‌ಗೆ ಹೋಯ್ತು. 1980ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಮಾವಿಗೆ ಏಷ್ಯಾ ಮೂಲದ ಹಿಟ್ಟು ತಿಗಣೆ ಬಿದ್ದಾಗಲೂ ಅಷ್ಟೇ. ಭಾರತದಲ್ಲಿ ಹುಡುಕಿದ ಕಣಜವನ್ನ 1987ರಲ್ಲಿ ಟೋಗೋದಲ್ಲಿ, ಮರುವರ್ಷ ಬೆನಿನ್‌ನಲ್ಲಿ ಬಿಟ್ಟರು. ಅಲ್ಲಿನ ಮಾವು ಉಳೀತು.

ಎಲ್ಲಾ ಸಲೀಸಾಗಿ ನಡೀತು ಅಂದ್ಕೋಬೇಡಿ. ಕಾಂಗ್ರೆಸ್ ಗಿಡ ಗೊತ್ತಲ್ಲ, ಪಾರ್ಥೇನಿಯಂ? ಅದನ್ನ ತಿನ್ನೋ ಜೀರುಂಡೆಯನ್ನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆ ಮೇಲೆ ಕಾಣಿಸ್ಕೊಂತು. ರೈತರಿಗೆ ದಿಗಿಲು, ವಿಜ್ಞಾನಿಗಳಲ್ಲೇ ಜಗಳ, ಸರ್ಕಾರದ ಸಮಿತಿ. ಬಿಟ್ಟ ಹುಳವನ್ನ ವಾಪಸ್ ಕರೆಸೋಕಾಗಲ್ಲ ನೋಡಿ. ನಮ್ಮ ಕೋಡ್ ಆದರೆ ರೋಲ್‌ಬ್ಯಾಕ್ ಮಾಡಬಹುದು. ಗಾಳಿಗೆ ಹಾರಿ ಸೂರ್ಯಕಾಂತಿ ಎಲೆ ಮೇಲೆ ಕೂತ ಪಾರ್ಥೇನಿಯಂ ಪರಾಗವೇ ಜೀರುಂಡೆಗೆ ಎಲೆ ಕಚ್ಚೋ ಆಸೆ ಹುಟ್ಟಿಸ್ತಿತ್ತು ಅಂತ ಹೆಸರಘಟ್ಟದವರು 1993ರಲ್ಲಿ ತೋರಿಸಿದರು. ಕೊನೆಗೆ ಜೀರುಂಡೆಗೆ ಕ್ಲೀನ್ ಚಿಟ್ ಸಿಕ್ತು. ಆದರೂ ಆ ದಿಗಿಲನ್ನ ಹಳ್ಳಿಯೋರ ಅಜ್ಞಾನ ಅಂತ ತಳ್ಳಿಹಾಕೋದು ನನಗೆ ಸರಿ ಕಾಣಲ್ಲ. ಹೊಲ ಅವರದ್ದು.

ಕಾಮನ್‌ವೆಲ್ತ್ ಕೇಂದ್ರ 1980ರ ದಶಕದ ಕೊನೆಗೆ ಮುಚ್ಚಿತು. 1993ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹೆಬ್ಬಾಳದಲ್ಲಿ ಜೈವಿಕ ನಿಯಂತ್ರಣ ನಿರ್ದೇಶನಾಲಯ ತೆರೀತು. ಅದೇ ಈಗಿನ ಬ್ಯೂರೋ. 2008ರಲ್ಲಿ ಕೊಯಮತ್ತೂರಲ್ಲಿ ಕಂಡ ಪರಂಗಿ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹತ್ತಿತು. ರೇಷ್ಮೆ ಸೀಮೆಯವರಿಗೆ ಇದರ ಭಯ ಹೇಳ್ಬೇಕಾಗಿಲ್ಲ. ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳಾನೇ ಸಾಯುತ್ತೆ. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿ ಕಣಜ ಹೆಬ್ಬಾಳಕ್ಕೆ ಬಂದವು. ಅದರಲ್ಲೊಂದು ತಿಗಣೆಯನ್ನ ಬೇಗನೇ ಹತೋಟಿಗೆ ತಂತು.

ಈಗ ಹೀಗೆ ಕಳಿಸೋದು ಮೊದಲಿನಷ್ಟು ಸುಲಭವಲ್ಲ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಅನುಮತಿಯ ಪತ್ರಗಳು ಬೇಕು. ಬೇವು, ಅರಿಶಿನದ ಪೇಟೆಂಟ್ ಗಲಾಟೆ ಕಂಡವರಿಗೆ ಕಾಯ್ದೆ ಯಾಕೆ ಅಂತ ಅರ್ಥವಾಗುತ್ತೆ. ಆದರೆ ಕಣಜಕ್ಕೂ ಅರಿಶಿನಕ್ಕೂ ಒಂದೇ ತಕ್ಕಡಿ ಹಿಡಿದರೆ ಹೇಗೆ? ಕಣಜದಿಂದ ಯಾರೂ ದುಡ್ಡು ಮಾಡಲ್ಲ, ಒಮ್ಮೆ ಬಿಟ್ಟ ಮೇಲೆ ತಾನೇ ಹರಡುತ್ತೆ.

2020ರಲ್ಲಿ ಕೇರಳದ ಮರಗೆಣಸಿಗೆ ಇನ್ನೊಂದು ಹಿಟ್ಟು ತಿಗಣೆ ಬಿತ್ತು. ಅದರ ಶತ್ರು ಪರಾಗ್ವೆ ಮೂಲದ ಕಣಜ, ಆಫ್ರಿಕಾದ ಮರಗೆಣಸನ್ನ ಆಗಲೇ ಉಳಿಸಿತ್ತು. 2021ರಲ್ಲಿ ಅದು ಹೆಬ್ಬಾಳಕ್ಕೆ ಬಂತು, 2022ರಲ್ಲಿ ಸೇಲಂ ಹೊಲಗಳಿಗೆ ಬಿಟ್ಟರು. ಕಳಿಸಿದ್ದು ಬೆನಿನ್.