ಎಷ್ಟು ಔಷಧ ಸಾಕು? ಮೆಲನೋಮಾ ಪ್ರಯೋಗಗಳು ಮತ್ತು ಅಡಿಕೆ ಸೀಮೆಯ ಬಾಯಿ ಕ್ಯಾನ್ಸರ್

1. ಪ್ರಶ್ನೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಒಟ್ಟು ಜನಸಂಖ್ಯೆ ಎರಡು ಲಕ್ಷದ ಆಸುಪಾಸಿನದು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮಾ ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಆ ಲೆಕ್ಕದಲ್ಲಿ ಮೂರೂ ತಾಲ್ಲೂಕು ಸೇರಿ ವರ್ಷಕ್ಕೆ ಒಬ್ಬಿಬ್ಬರು ರೋಗಿಗಳು ಸಿಕ್ಕರೆ ಹೆಚ್ಚು. ಬಾಯಿಯ ಕ್ಯಾನ್ಸರ್ ಹಾಗಲ್ಲ. ಭಾರತದ ಗಂಡಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅದರದೇ ಮೊದಲ ಸ್ಥಾನ. ಹಾಗಿದ್ದ ಮೇಲೆ ಮಲೆನಾಡಿನ ಆರೋಗ್ಯದ ಬಗ್ಗೆ ಬರೆಯುವಾಗ ಮೆಲನೋಮಾ ಪ್ರಯೋಗಗಳಿಂದ ಏಕೆ ಆರಂಭಿಸಬೇಕು?

ಕಾರಣ ಇಷ್ಟೆ. ಕೈಮೀರಿದ ಬಾಯಿ ಕ್ಯಾನ್ಸರ್‌ಗೆ ಇಂದು ಕೊಡುವ ಇಮ್ಯುನೊಥೆರಪಿ ಔಷಧಗಳು ತಮ್ಮ ಶಕ್ತಿಯನ್ನು ಮೊದಲು ಸಾಬೀತುಪಡಿಸಿದ್ದು ಮೆಲನೋಮಾ ರೋಗಿಗಳಲ್ಲಿ. ಯಾವ ಔಷಧ ಕೆಲಸ ಮಾಡುತ್ತದೆ ಎಂಬುದಕ್ಕೆ ಆ ಪ್ರಯೋಗಗಳು ಗಟ್ಟಿ ಉತ್ತರ ಕೊಟ್ಟವು. ಎಷ್ಟು ಔಷಧ ಸಾಕು ಎಂಬ ಪ್ರಶ್ನೆ ಮಾತ್ರ ಅರ್ಧಕ್ಕೇ ನಿಂತಿತು. ನಮ್ಮ ಮೂರು ತಾಲ್ಲೂಕುಗಳ ರೋಗಿಗೆ ಔಷಧ ಕೈಗೆಟಕುತ್ತದೋ ಇಲ್ಲವೋ ಎಂಬುದು ನಿಂತಿರುವುದು ಈ ಉಳಿದರ್ಧದ ಮೇಲೆ ಎಂಬುದು ಈ ಟಿಪ್ಪಣಿಯ ವಾದ.

2. ನಮ್ಮಲ್ಲಿ ಕಾಣುವ ಮೆಲನೋಮಾ

ಅಪರೂಪದ ರೋಗ ಎಂದು ಮೆಲನೋಮಾವನ್ನು ಪೂರ್ತಿ ಬದಿಗಿಡುವುದೂ ಸರಿಯಲ್ಲ. ಬಿಳಿ ಚರ್ಮದವರಲ್ಲಿ ಅದಕ್ಕೆ ಮುಖ್ಯ ಕಾರಣ ಬಿಸಿಲಿನ ಅತಿನೇರಳೆ ಕಿರಣ. ಭಾರತೀಯರಲ್ಲಿ ಅದು ಹೆಚ್ಚಾಗಿ ಕಾಣಿಸುವುದು ಬಿಸಿಲು ತಾಗದ ಜಾಗಗಳಲ್ಲಿ: ಅಂಗಾಲು, ಅಂಗೈ, ಉಗುರಿನ ಅಡಿ, ಬಾಯಿ ಮತ್ತು ಗುದದ ಒಳಪೊರೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗುರುತೆಂದೋ ಆಣಿಯೆಂದೋ ಭಾವಿಸಿ ತಿಂಗಳುಗಟ್ಟಲೆ ಸುಮ್ಮನಿರುವುದು ಸಹಜ.

ಇಲ್ಲಿ ನೆರವಿಗೆ ಬರುವ ಸರಳ ಪರೀಕ್ಷೆಯೊಂದಿದೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಲ್ಲಿರುವಂಥದೇ ಏಣು ಮತ್ತು ತಗ್ಗಿನ ಗೆರೆಗಳಿವೆ. ಡರ್ಮೊಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿ ಹಿಡಿದರೆ, ಸಾಧಾರಣ ಮಚ್ಚೆಯಲ್ಲಿ ಕಪ್ಪು ಬಣ್ಣ ತಗ್ಗಿನ ಗೆರೆಗಳಲ್ಲಿ ಸಾಲಾಗಿ ಕಾಣುತ್ತದೆ. ಮೆಲನೋಮಾದಲ್ಲಿ ಅದು ಏಣುಗಳ ಮೇಲೆ ಹರಡಿರುತ್ತದೆ. ಜಪಾನಿನ ಚರ್ಮವೈದ್ಯರು ವಿವರವಾಗಿ ದಾಖಲಿಸಿದ ಈ ಲಕ್ಷಣವನ್ನು ಗುರುತಿಸಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಸ್ವಲ್ಪ ತರಬೇತಿ ಸಾಕು. ಖಚಿತಪಡಿಸಲು ಬಯಾಪ್ಸಿ ಬೇಕೇ ಬೇಕು.

ಅಂಗಾಲು-ಅಂಗೈಗಳ ಮೆಲನೋಮಾ ಹೊಸ ಔಷಧಗಳಿಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಚೀನಾದ 103 ಮೆಲನೋಮಾ ರೋಗಿಗಳಿಗೆ ಎರಡನೆಯ ಹಂತದ ಚಿಕಿತ್ಸೆಯಾಗಿ ಪೆಂಬ್ರೊಲಿಝುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಕೊಟ್ಟ ಪ್ರಯೋಗದಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ಆರರಲ್ಲಿ ಒಬ್ಬರಿಗೆ ಮಾತ್ರ. ಪಾಶ್ಚಾತ್ಯ ದೇಶಗಳ ಅಂಕಿಅಂಶವನ್ನು ನಮ್ಮ ರೋಗಿಗೆ ನೇರವಾಗಿ ಅನ್ವಯಿಸುವಾಗ ಇದನ್ನು ನೆನಪಿಡಬೇಕು.

3. ಪ್ರಯೋಗಗಳು ಸ್ಥಾಪಿಸಿದ್ದು

ಅಮೆರಿಕದಲ್ಲಿ 1975ರಲ್ಲಿ ಮಂಜೂರಾದ ಡಕಾರ್ಬಜೀನ್ ಎಂಬ ಕೀಮೋ ಔಷಧವೇ ಮೂರು ದಶಕ ಕಾಲ ದೇಹಕ್ಕೆಲ್ಲ ಹರಡಿದ ಮೆಲನೋಮಾದ ರೂಢಿಯ ಚಿಕಿತ್ಸೆಯಾಗಿತ್ತು. ಅದು ಆಯುಸ್ಸು ಹೆಚ್ಚಿಸುತ್ತದೆಂದು ಯಾವ ಪ್ರಯೋಗವೂ ತೋರಿಸಿರಲಿಲ್ಲ.

ಈ ಸ್ಥಿತಿ ಬದಲಾದದ್ದು 2010ರಲ್ಲಿ. ಮೊದಲ ಚಿಕಿತ್ಸೆ ಫಲಿಸದ 676 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿ ಇಪಿಲಿಮುಮ್ಯಾಬ್ ಔಷಧವನ್ನು ಪರೀಕ್ಷಿಸಲಾಯಿತು. ಆ ಔಷಧ ಪಡೆದವರ ಮಧ್ಯಾಂಕ ಆಯುಸ್ಸು ಸುಮಾರು 10 ತಿಂಗಳು, ಪಡೆಯದವರದು 6.4 ತಿಂಗಳು. ಪ್ರಯೋಗದಲ್ಲಿ ಕೊಟ್ಟ ಔಷಧಗಳ ದುಷ್ಪರಿಣಾಮದಿಂದಲೇ 14 ಮಂದಿ ತೀರಿಕೊಂಡರೆಂಬುದನ್ನೂ ಆ ವರದಿ ಮುಚ್ಚಿಡಲಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 418 ರೋಗಿಗಳ ಪೈಕಿ ನಿವೊಲುಮ್ಯಾಬ್ ಪಡೆದವರಲ್ಲಿ ಶೇ. 72.9 ಜನ ಒಂದು ವರ್ಷ ದಾಟಿದರು. ಡಕಾರ್ಬಜೀನ್ ಪಡೆದವರಲ್ಲಿ ಶೇ. 42.1. ಎರಡೂ ಹೊಸ ಔಷಧಗಳನ್ನು ಜೋಡಿಸಿ 945 ರೋಗಿಗಳಲ್ಲಿ ನಡೆಸಿದ ಪ್ರಯೋಗದ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಹೊರಬಂತು. ಜೋಡಿ ಔಷಧ ಪಡೆದವರಲ್ಲಿ ಶೇ. 43, ನಿವೊಲುಮ್ಯಾಬ್ ಮಾತ್ರ ಪಡೆದವರಲ್ಲಿ ಶೇ. 37, ಇಪಿಲಿಮುಮ್ಯಾಬ್ ಮಾತ್ರ ಪಡೆದವರಲ್ಲಿ ಶೇ. 19 ಜನ ಹತ್ತು ವರ್ಷವಾದ ಮೇಲೂ ಬದುಕಿದ್ದರು.

ಈ ಔಷಧಗಳು ಗೆಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ ರಕ್ಷಣಾ ಕೋಶಗಳ ಮೇಲಿರುವ ಪಿಡಿ-1, ಸಿಟಿಎಲ್‌ಎ-4 ಎಂಬ ತಡೆಗಳನ್ನು ತೆಗೆದು, ಆ ಕೋಶಗಳೇ ಗೆಡ್ಡೆಯ ಮೇಲೆ ಎರಗುವಂತೆ ಮಾಡುತ್ತವೆ. ಈ ತಡೆಗಳ ರಹಸ್ಯ ಬಿಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಪಡೆದರು. ಕೆಲಸದ ಬಗೆ ಇದಾದ್ದರಿಂದಲೇ ಮುಂದಿನ ಪ್ರಶ್ನೆ ಏಳುತ್ತದೆ. ಕೋಶಗಳ ಮೇಲಿನ ತಡೆಗಳೆಲ್ಲ ಔಷಧದಿಂದ ತುಂಬಿದ ಮೇಲೆ ಇನ್ನಷ್ಟು ಔಷಧ ಸುರಿದರೆ ಏನು ಲಾಭ?

4. ಪ್ರಮಾಣದ ಪಟ್ಟಿ

ನಿವೊಲುಮ್ಯಾಬ್‌ನ ಆರಂಭಿಕ ಪರೀಕ್ಷೆಯಲ್ಲಿದ್ದ 107 ಮೆಲನೋಮಾ ರೋಗಿಗಳ ವಿವರ 2014ರಲ್ಲಿ ಪ್ರಕಟವಾಯಿತು. ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂನಿಂದ 10 ಮಿಲಿಗ್ರಾಂವರೆಗೆ ಐದು ಪ್ರಮಾಣಗಳನ್ನು ಅಲ್ಲಿ ನೋಡಿದ್ದರು. ಗೆಡ್ಡೆ ಕುಗ್ಗಿದವರ ಸಂಖ್ಯೆ ಹೀಗಿದೆ: 0.1 ಮಿ.ಗ್ರಾಂ ಪಡೆದ 17 ಜನರಲ್ಲಿ 6; 0.3ರಲ್ಲಿ 18ಕ್ಕೆ 5; 1ರಲ್ಲಿ 35ಕ್ಕೆ 11; 3ರಲ್ಲಿ 17ಕ್ಕೆ 7; 10ರಲ್ಲಿ 20ಕ್ಕೆ 4. ಪ್ರಮಾಣ ನೂರು ಪಟ್ಟು ಏರಿದರೂ ಫಲ ಅದರ ಹಿಂದೆ ಏರಿಲ್ಲ.

ಗುಂಪುಗಳು ಚಿಕ್ಕವು, ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಅಲ್ಲದೆ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ 1 ಮಿ.ಗ್ರಾಂಗೆ ತೀರಾ ಕಡಿಮೆ ಫಲವೂ 3 ಮಿ.ಗ್ರಾಂಗೆ ಸ್ಪಷ್ಟವಾಗಿ ಹೆಚ್ಚು ಫಲವೂ ಕಂಡಿತ್ತು. ಹಾಗಾಗಿ ದೊಡ್ಡ ಪ್ರಯೋಗಗಳಿಗೆ 3 ಮಿ.ಗ್ರಾಂ ಆರಿಸಿದ್ದನ್ನು ತಪ್ಪೆನ್ನಲಾಗದು. ಮುಂದೆ ಅದೇ ಎಲ್ಲ ತೂಕದವರಿಗೂ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ ಎಂಬ ಏಕರೂಪದ ಪ್ರಮಾಣವಾಯಿತು. ಕ್ಯಾನ್ಸರ್ ಔಷಧಗಳಲ್ಲಿ ತಡೆದುಕೊಳ್ಳಬಲ್ಲಷ್ಟು ಗರಿಷ್ಠ ಪ್ರಮಾಣವನ್ನೇ ಆರಿಸುವ ಹಳೆಯ ಪದ್ಧತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2021ರಿಂದ ಪ್ರಾಜೆಕ್ಟ್ ಆಪ್ಟಿಮಸ್ ಎಂಬ ಯೋಜನೆಯ ಮೂಲಕ ಮರುಪರಿಶೀಲಿಸುತ್ತಿದೆ.

5. ಮುಂಬೈಯ ಉತ್ತರ

ಭಾರತದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ. ಗುಣಪಡಿಸುವ ಹಂತ ಮೀರಿದ ತಲೆ-ಕತ್ತಿನ ಕ್ಯಾನ್ಸರ್‌ನ 151 ರೋಗಿಗಳನ್ನು ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತು ಸಂಗಡಿಗರು ಎರಡು ಗುಂಪಾಗಿ ಹಂಚಿದರು. ಎರಡೂ ಗುಂಪಿಗೆ ಅಗ್ಗದ ಮಾತ್ರೆಗಳ ಚಿಕಿತ್ಸೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್. ಒಂದು ಗುಂಪಿಗೆ ಮಾತ್ರ ಇದರ ಜೊತೆ ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ ನಿವೊಲುಮ್ಯಾಬ್.

ಒಂದು ವರ್ಷ ಬದುಕಿದವರ ಪ್ರಮಾಣ ಮಾತ್ರೆಗಳ ಗುಂಪಿನಲ್ಲಿ ಶೇ. 16.3, ನಿವೊಲುಮ್ಯಾಬ್ ಸೇರಿದ ಗುಂಪಿನಲ್ಲಿ ಶೇ. 43.4. ಮಧ್ಯಾಂಕ ಆಯುಸ್ಸು 6.7 ತಿಂಗಳಿಂದ 10.1 ತಿಂಗಳಿಗೆ ಏರಿತು. ತೀವ್ರ ದುಷ್ಪರಿಣಾಮ ಹೆಚ್ಚಲಿಲ್ಲ. ಆರು ವಾರದ ಲೆಕ್ಕ ಹಾಕಿದರೆ ರೂಢಿಯ ಪ್ರಮಾಣ 720 ಮಿ.ಗ್ರಾಂ, ಇಲ್ಲಿ ಕೊಟ್ಟದ್ದು 40 ಮಿ.ಗ್ರಾಂ: ಹದಿನೆಂಟರಲ್ಲಿ ಒಂದು ಪಾಲು.

ಪ್ರಯೋಗದ ಮಿತಿಯನ್ನು ಮರೆಮಾಚಬಾರದು. ಅದು ಒಂದೇ ಆಸ್ಪತ್ರೆಯಲ್ಲಿ ನಡೆದದ್ದು. ಪೂರ್ಣ ಪ್ರಮಾಣ ಪಡೆದ ಮೂರನೆಯ ಗುಂಪು ಅದರಲ್ಲಿ ಇರಲಿಲ್ಲ. ಆದ್ದರಿಂದ ಕಡಿಮೆ ಪ್ರಮಾಣ ಪೂರ್ಣ ಪ್ರಮಾಣಕ್ಕೆ ಸಮ ಎಂದು ಅದು ಹೇಳುವುದಿಲ್ಲ. ಇಮ್ಯುನೊಥೆರಪಿಯನ್ನೇ ಕೊಡದಿರುವುದಕ್ಕಿಂತ ಕಡಿಮೆ ಪ್ರಮಾಣ ಬಹಳ ಮೇಲು ಎಂದು ಹೇಳುತ್ತದೆ. ಬೆಲೆಯ ಕಾರಣಕ್ಕೆ ಇಮ್ಯುನೊಥೆರಪಿಯೇ ಸಿಗದವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇರುವ ದೇಶದಲ್ಲಿ ಈ ಎರಡನೆಯ ಮಾತಿನ ತೂಕ ದೊಡ್ಡದು.

6. ಮೂರು ತಾಲ್ಲೂಕುಗಳಿಗೆ ಇದರ ಅರ್ಥ

ಅಡಿಕೆ ಈ ಸೀಮೆಯ ಬದುಕು. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಮಳೆಗಾಲದ ಕೊಳೆರೋಗಗಳಿಂದ ನಲುಗಿದ ಬೆಳೆಗಾರರ ಮುಂದೆ ಕ್ಯಾನ್ಸರ್ ಮಾತೆತ್ತುವುದು ಸುಲಭವಲ್ಲ. ಆದರೂ ಸತ್ಯ ಹೇಳಲೇಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ತಂಬಾಕಿಲ್ಲದ ಎಲೆಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2022ರಲ್ಲಿ ಭಾರತದ ಸುಮಾರು 83,400 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ ಎಂಬುದು ಅದೇ ಸಂಸ್ಥೆಯ ಅಂದಾಜು. ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿಯಾಗಿ, ಬಾಯಿಗೆ ಮೂರು ಬೆರಳು ಹಿಡಿಸದಂತಾದರೆ ಅದು ಮುನ್ಸೂಚನೆ; ಕೂಡಲೇ ದಂತವೈದ್ಯರ ಬಳಿ ಹೋಗಬೇಕು. ಯಾವ ಹೊಸ ಔಷಧವೂ ಈ ಹಂತದಲ್ಲಿ ಅಭ್ಯಾಸ ಬಿಡುವುದಕ್ಕೆ ಸಮನಾಗದು.

ರೋಗ ಮುಂದುವರಿದವರಿಗೆ ಚಿಕಿತ್ಸೆ ಎಂದರೆ ದಾರಿಯ ಲೆಕ್ಕವೂ ಹೌದು. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಸುಮಾರು 80 ಕಿಲೋಮೀಟರ್. ಕೊಪ್ಪದವರು ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಲು ಒಂದು ರಾತ್ರಿಯ ಬಸ್ ಪ್ರಯಾಣ. ಎರಡು ವಾರಕ್ಕೊಮ್ಮೆ ಬದಲು ಮೂರು ವಾರಕ್ಕೊಮ್ಮೆ ಹೋದರೆ ಸಾಕೆನ್ನುವುದು, ಘಟ್ಟದ ರಸ್ತೆ ಕುಸಿಯುವ ಮಳೆಗಾಲದಲ್ಲಿ, ಸಣ್ಣ ಅನುಕೂಲವಲ್ಲ.

ಇನ್ನೆರಡು ವಿವರಗಳು ಮುಖ್ಯ. ನಿವೊಲುಮ್ಯಾಬ್‌ನ ಚಿಕ್ಕ ಬಾಟಲಿಯಲ್ಲಿ 40 ಮಿ.ಗ್ರಾಂ ಇರುತ್ತದೆ, ಅಂದರೆ ಇಬ್ಬರಿಗೆ ಆಗುವಷ್ಟು. ಒಡೆದ ಬಾಟಲಿಯನ್ನು ಇಡಲು ಬಾರದ ಕಾರಣ ಇಬ್ಬರು ರೋಗಿಗಳನ್ನು ಒಂದೇ ದಿನ ಕರೆಯಬೇಕು. ಇಲ್ಲದಿದ್ದರೆ ಉಳಿಸಿದ ಹಣ ಚೆಲ್ಲಿಹೋಗುತ್ತದೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಚೀಟಿಯಲ್ಲಿ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ದಪ್ಪಗೆ ಬರೆದು, ಮನೆಯವರಿಗೂ ತಿಳಿಹೇಳಬೇಕು. ಇಮ್ಯುನೊಥೆರಪಿ ಪಡೆದವರಿಗೆ ಭೇದಿ ಅಥವಾ ಉಸಿರಾಟದ ತೊಂದರೆ ಶುರುವಾದರೆ ಅದು ಔಷಧದ ಪರಿಣಾಮವಿರಬಹುದೆಂದು ಊರಿನ ವೈದ್ಯರಿಗೂ ಗೊತ್ತಿರಬೇಕು. ಸಕಾಲಕ್ಕೆ ಸ್ಟಿರಾಯ್ಡ್ ಕೊಟ್ಟರೆ ಬಹುಪಾಲು ಪ್ರಕರಣಗಳನ್ನು ಹತೋಟಿಗೆ ತರಬಹುದು.

7. ಪ್ರಯೋಗಕ್ಕೆ ಸೇರುವವರ ಹಕ್ಕು

‘ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ’ ಎಂಬ ಅಂಜಿಕೆಗೆ ಉತ್ತರ ಕಾನೂನಿನಲ್ಲಿದೆ. 2009ರ ಜೂನ್‌ನಿಂದ ದೇಶದ ಪ್ರತಿಯೊಂದು ಔಷಧ ಪ್ರಯೋಗವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುವ ನೋಂದಣಿಯಲ್ಲಿ ಮೊದಲೇ ದಾಖಲಾಗಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವ ಹಂತದಲ್ಲಾದರೂ ಕಾರಣ ಹೇಳದೆ ಹೊರಬರುವ ಸ್ವಾತಂತ್ರ್ಯ ರೋಗಿಗಿದೆ. ಹೊರಬಂದ ಮಾತ್ರಕ್ಕೆ ಅವರ ಎಂದಿನ ಚಿಕಿತ್ಸೆ ನಿಲ್ಲುವಂತಿಲ್ಲ.

8. ನಿಗಮನ

ಮೆಲನೋಮಾ ಪ್ರಯೋಗಗಳಿಗೆ ಸೇರಿದ ಸಾವಿರಾರು ರೋಗಿಗಳು ಜಗತ್ತಿಗೆ ಹೊಸ ಚಿಕಿತ್ಸೆಯನ್ನು ಕೊಟ್ಟುಹೋದರು. ಆ ಚಿಕಿತ್ಸೆ ಅಡಿಕೆ ಸೀಮೆಯ ಮನೆಗಳನ್ನು ತಲುಪಬೇಕಾದರೆ ಉಳಿದಿರುವ ಮುಖ್ಯ ಪ್ರಯೋಗ ಒಂದಿದೆ: ಬಾಯಿ ಕ್ಯಾನ್ಸರ್‌ನಲ್ಲಿ 20 ಮಿ.ಗ್ರಾಂ ಮತ್ತು 240 ಮಿ.ಗ್ರಾಂಗಳನ್ನು ನೇರವಾಗಿ ಎದುರುಬದುರು ಇಟ್ಟು, ಕಡಿಮೆ ಪ್ರಮಾಣ ಹಿಂದೆ ಬೀಳುತ್ತದೆಯೇ ಎಂದು ನೋಡುವುದು. ಔಷಧದ ಮಾರಾಟ ಕುಗ್ಗಿಸುವ ಇಂಥ ಪ್ರಯೋಗಕ್ಕೆ ತಯಾರಕರು ಹಣ ಹೂಡುತ್ತಾರೆಂದು ಕಾಯುವಂತಿಲ್ಲ. ಸಾರ್ವಜನಿಕ ಹಣವೇ ಬೇಕು. ಬೆಂಗಳೂರು, ಶಿವಮೊಗ್ಗ, ಕರಾವಳಿಯ ಆಸ್ಪತ್ರೆಗಳು ಒಂದೇ ನಿಯಮಾವಳಿಯಡಿ ಕೂಡಿದರೆ ಅದಕ್ಕೆ ಬೇಕಾಗುವ ನೂರಾರು ರೋಗಿಗಳು ಕರ್ನಾಟಕದಲ್ಲೇ ಇದ್ದಾರೆ. ಪ್ರಯೋಗದ ವೆಚ್ಚದಲ್ಲಿ ರೋಗಿ ಮತ್ತು ಜೊತೆಗಾರರ ಬಸ್ ಖರ್ಚು, ಕಳೆದುಕೊಂಡ ಕೂಲಿ ಎರಡನ್ನೂ ಮೊದಲ ದಿನವೇ ಸೇರಿಸಬೇಕು. ಅದಿಲ್ಲವಾದರೆ ಪ್ರಯೋಗಕ್ಕೆ ಸೇರುವವರು ನಗರದವರೇ ಆಗುತ್ತಾರೆ, ಬರುವ ಉತ್ತರವೂ ಅವರಿಗೆ ಮಾತ್ರ ಹೊಂದುತ್ತದೆ.