ಗಾಡಿ ಎಳೀತಿಲ್ಲ, ಮಿಸ್ ಹೊಡೀತಿದೆ: ಎಂಜಿನ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿ

ಗೊರಗುಂಟೆಪಾಳ್ಯ: ತುಮಕೂರು ರಸ್ತೆ ಮತ್ತು ಹೊರ ವರ್ತುಲ ರಸ್ತೆ ಕೂಡುವ ಇಲ್ಲಿನ ಸಿಗ್ನಲ್‌ನಲ್ಲಿ ಹಸಿರು ದೀಪ ಬಿದ್ದಾಗಲೇ ಬೈಕ್ ಬಂದ್ ಆದರೆ ಹಿಂದಿನ ಲಾರಿಯವರು ಸುಮ್ಮನಿರುವುದಿಲ್ಲ. ಯಶವಂತಪುರ ಮಾರ್ಕೆಟ್ ಯಾರ್ಡ್‌ನಿಂದ ಈರುಳ್ಳಿ ಮೂಟೆ, ಎಣ್ಣೆ ಡಬ್ಬ ಹೇರಿಕೊಂಡು ಬರುವ ಅಂಗಡಿಯವರಿಗೆ, ಪೀಣ್ಯದಲ್ಲಿ ಶಿಫ್ಟ್‌ಗೆ ಹೋಗುವವರಿಗೆ ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆಗೇ ಪೆಟ್ಟು. ಆ ಅವಸರದಲ್ಲಿ ಯಾರಾದರೂ ‘ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು’ ಅಂದರೆ ತಲೆ ಆಡಿಸಿಬಿಡುತ್ತೇವೆ. ಆದರೆ ಬಹಳ ಸಲ ದೋಷ ಇರುವುದು ಪ್ಲಗ್‌ನಲ್ಲಿ, ಫಿಲ್ಟರ್‌ನಲ್ಲಿ ಅಥವಾ ಟ್ಯಾಂಕಿನ ಪೆಟ್ರೋಲ್‌ನಲ್ಲಿ. ಕಡಿಮೆ ಖರ್ಚಿನದ್ದನ್ನು ಮೊದಲು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತೆ. ನಾಲ್ಕು ಸಾಮಾನು ಒಟ್ಟಿಗೆ ಹಾಕಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ತಿಳಿಯದು.

ದೋಷ ಎಂಜಿನ್‌ನದ್ದೇನಾ?

‘ಪಿಕಪ್ ಇಲ್ಲ’ ಅನ್ನುವ ಗಾಡಿಯನ್ನು ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಹಿಡಿದಿದೆ, ಇಲ್ಲವೇ ಚೈನ್ ಅತಿ ಬಿಗಿಯಾಗಿದೆ. ಮೂಟೆ ಹೇರುತ್ತೇವೆ ಅಂತ ಹಿಂಬದಿ ಬ್ರೇಕ್ ಬಿಗಿ ಮಾಡಿಸಿಕೊಂಡ ಗಾಡಿಗಳಲ್ಲಿ ಇದು ಸಾಮಾನ್ಯ. ಟಯರ್ ಗಾಳಿಯನ್ನೂ ನೋಡಿ. ಇನ್ನು ಏರಿನಲ್ಲಿ ಆಕ್ಸಿಲೇಟರ್ ಕೊಟ್ಟಾಗ ಎಂಜಿನ್ ಸದ್ದು ಮಾತ್ರ ಏರಿ ಗಾಡಿಯ ವೇಗ ಏರದಿದ್ದರೆ ಅದು ಕ್ಲಚ್ ಜಾರುತ್ತಿರುವ ಲಕ್ಷಣ. ಅದಕ್ಕೆ ಎಂಜಿನ್ ಬೋರ್ ಮಾಡಿಸಿದರೆ ದುಡ್ಡು ದಂಡ.

ಯಾವಾಗ ತೊಂದರೆ ಕೊಡುತ್ತೆ?

ಮೆಕ್ಯಾನಿಕ್‌ಗೆ ‘ಸರಿ ಓಡ್ತಿಲ್ಲ’ ಅನ್ನುವುದಕ್ಕಿಂತ ಯಾವಾಗ ಸರಿ ಓಡ್ತಿಲ್ಲ ಅಂತ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸಿದರೆ ಚೋಕ್, ಬ್ಯಾಟರಿ, ಪ್ಲಗ್ ಕಡೆ ನೋಡಬೇಕು. ಬೆಳಗ್ಗೆ ಸರಿಯಿದ್ದು, ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಬಂದ್ ಆಗಿ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಇಗ್ನಿಷನ್ ಕಾಯಿಲ್ ಅಥವಾ ಟ್ಯಾಪೆಟ್ ಮೇಲೆ ಅನುಮಾನ. ಸಿಗ್ನಲ್‌ನಲ್ಲಿ ಮಾತ್ರ ಬಂದ್ ಆಗಿ ಓಡುವಾಗ ಚೆನ್ನಾಗಿದ್ದರೆ ಕಾರ್ಬುರೇಟರ್‌ನ ಸಣ್ಣ ಜೆಟ್ ಕಟ್ಟಿರಬಹುದು, ಅಥವಾ ಸ್ಲೋ ಸ್ಪೀಡ್ ತೀರಾ ಇಳಿದಿರಬಹುದು. 100 ಸಿಸಿಯ ಸಾಮಾನ್ಯ ಗಾಡಿಗಳಲ್ಲಿ ಇದು ಸುಮಾರು 1,400 ಆರ್‌ಪಿಎಂ ಇರಬೇಕು. ಖಾಲಿ ಓಡಿಸಿದರೆ ಸರಿ, ಹಿಂದೆ ಮೂಟೆ ಇದ್ದಾಗ ಮಾತ್ರ ಮಿಸ್ ಹೊಡೆಯುತ್ತೆ ಅಂದರೆ ಪ್ಲಗ್ ಸೋತಿದೆ ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ.

ಇನ್ನೊಂದು ವಿಚಿತ್ರ ಲಕ್ಷಣವಿದೆ. ಹತ್ತು ಹದಿನೈದು ಕಿ.ಮೀ. ಚೆನ್ನಾಗಿ ಓಡಿ ಪೆಟ್ರೋಲ್ ಮುಗಿದಂತೆ ನಿಲ್ಲುತ್ತೆ, ಟ್ಯಾಂಕ್ ಮುಚ್ಚಳ ತೆಗೆದರೆ ‘ಉಸ್’ ಅಂತ ಗಾಳಿ ಎಳೆದುಕೊಂಡು ಮತ್ತೆ ಸ್ಟಾರ್ಟ್ ಆಗುತ್ತೆ. ಮುಚ್ಚಳದಲ್ಲಿ ಗಾಳಿ ಒಳಹೋಗುವ ಸಣ್ಣ ತೂತು ಕೊಳೆಯಿಂದ ಮುಚ್ಚಿದರೆ ಹೀಗಾಗುತ್ತೆ. ಖರ್ಚಿಲ್ಲದ ರಿಪೇರಿ ಅಂದರೆ ಇದೇ.

ಗಾಳಿ ಮತ್ತು ಪೆಟ್ರೋಲ್

ಈ ಭಾಗದ ಧೂಳು, ಲಾರಿ ಹೊಗೆಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತೆ. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಹೆಚ್ಚಾಗಿ, ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಕಡಿಮೆ ಮೈಲೇಜ್. ಸ್ಪಾಂಜ್ ಫಿಲ್ಟರ್ ತೊಳೆದು ಒಣಗಿಸಿ ಎಣ್ಣೆ ಹಿಂಡಿ ಹಾಕಬಹುದು. ಆದರೆ ಎಣ್ಣೆ ಸವರಿ ಬರುವ ಪೇಪರ್ ಫಿಲ್ಟರ್‌ಗೆ ಗಾಳಿ ಹೊಡೆದು ಮತ್ತೆ ಹಾಕುವುದು ತಪ್ಪು. ಅದನ್ನು ಬದಲಿಸಲೇಬೇಕು. ಫಿಲ್ಟರ್ ತೆಗೆದುಹಾಕಿ ಓಡಿಸುವವರೂ ಇದ್ದಾರೆ. ಧೂಳು ಸೀದಾ ಒಳಗೆ ಹೋಗಿ ಸಿಲಿಂಡರ್ ಗೀಚುತ್ತೆ, ಆಮೇಲೆ ಬೋರ್ ಕೆಲಸ ನಿಜವಾಗಿಯೂ ಬರುತ್ತೆ.

ಪೆಟ್ರೋಲ್ ವಿಚಾರಕ್ಕೆ ಬಂದರೆ ಈಗ ಎಲ್ಲರ ಬಾಯಲ್ಲೂ ಇ20. ಶೇ 20 ಎಥನಾಲ್ ಬೆರೆತ ಈ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಇದೇ ತುಮಕೂರು ರಸ್ತೆಯಲ್ಲಿ. 2023ರ ಫೆಬ್ರವರಿ 6ರಂದು ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಅದನ್ನು ಬಿಡುಗಡೆ ಮಾಡಿದರು. ಇ20ಗೆಂದು ತಯಾರಾಗದ ಹಳೇ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಅಂದರೆ 60 ಕೊಡುತ್ತಿದ್ದ ಗಾಡಿ 58 ಕೊಟ್ಟರೆ ಎಥನಾಲ್ ಲೆಕ್ಕಕ್ಕೆ ಹಾಕಬಹುದು. 45ಕ್ಕೆ ಇಳಿದಿದ್ದರೆ ಕಾರಣ ಬೇರೆಯೇ ಇದೆ, ಬಂಕಿನವರನ್ನು ಬೈದು ಪ್ರಯೋಜನವಿಲ್ಲ.

ಎಥನಾಲ್‌ನ ಇನ್ನೊಂದು ಗುಣ ನೀರನ್ನು ಹೀರುವುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಎಂಜಿನ್‌ಗೆ ಮೊದಲು ಹೋಗುವುದೇ ಅದು. ಕಾರ್ಬುರೇಟರ್ ಗಾಡಿಯಾದರೆ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷ ಬಿಟ್ಟು ನೋಡಿದಾಗ ಕೆಳಗೆ ಬೇರೆ ಪದರ, ಗುಳ್ಳೆಯಂತಹ ಹನಿ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಬೀಡಿ ಸಿಗರೇಟು ದೂರವಿಟ್ಟು ಈ ಕೆಲಸ ಮಾಡಿ.

ಪ್ಲಗ್ ಹೇಳುವ ಕಥೆ

ಎಂಜಿನ್ ಒಳಗೆ ಏನಾಗುತ್ತಿದೆ ಅಂತ ಬಿಚ್ಚದೇ ತಿಳಿಯಲು ಇರುವ ಒಳ್ಳೆಯ ದಾರಿ ಸ್ಪಾರ್ಕ್ ಪ್ಲಗ್. ಆದರೆ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತು ಬಂದ ಗಾಡಿಯ ಪ್ಲಗ್ ನೋಡಿ ತೀರ್ಮಾನಿಸಬಾರದು, ನಿಂತಲ್ಲೇ ಓಡಿದರೆ ಎಂಥ ಪ್ಲಗ್ ಆದರೂ ಸ್ವಲ್ಪ ಮಸಿ ಹಿಡಿಯುತ್ತೆ. ನಾಲ್ಕೈದು ಕಿ.ಮೀ. ಒಂದೇ ವೇಗದಲ್ಲಿ ಓಡಿಸಿ, ತಣ್ಣಗಾಗಲು ಬಿಟ್ಟು ಬಿಚ್ಚಬೇಕು.

ತುದಿ ಕಾಫಿ ಪುಡಿ ಅಥವಾ ತಿಳಿ ಬೂದು ಬಣ್ಣದಲ್ಲಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಫಿಲ್ಟರ್ ನೋಡಿ, ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿದೆಯೇ ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿ ಬಿಸಿಯಾಗುತ್ತಿದೆ. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಹೆಚ್ಚುವರಿ ಗಾಳಿ ಎಳೆದುಕೊಂಡರೂ ಹೀಗಾಗುತ್ತೆ. ಆಗ ಆಕ್ಸಿಲೇಟರ್ ಬಿಟ್ಟರೂ ರೈಸ್ ಬೇಗ ಇಳಿಯುವುದಿಲ್ಲ, ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬರುತ್ತೆ. ಪ್ಲಗ್ ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ ಅಥವಾ ಎಂಜಿನ್ ಓವರ್ ಆಗಿದೆ.

ತುದಿಯ ಗ್ಯಾಪ್ ಹೆಚ್ಚಿನ ಗಾಡಿಗಳಲ್ಲಿ 0.6ರಿಂದ 0.9 ಮಿ.ಮೀ. ಒಳಗಿರುತ್ತೆ, ನಿಮ್ಮ ಗಾಡಿಯ ಸರಿಯಾದ ಅಳತೆ ಓನರ್ ಪುಸ್ತಕದಲ್ಲಿದೆ. ಮತ್ತೆ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂನದು, ಅಡ್ಡ ಕೂತ ಪ್ಲಗ್‌ಗೆ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಗುತ್ತೆ. ಹೊಸ ಪ್ಲಗ್ ಹಾಕಿದ ಮೇಲೆ ಗಾಡಿ ಸರಿಯಾಗಿ, ಹದಿನೈದು ದಿನಕ್ಕೆ ಮತ್ತೆ ಕಪ್ಪಾದರೆ ಪ್ಲಗ್‌ನದ್ದಲ್ಲ ತಪ್ಪು. ಎರಡು ಪ್ಲಗ್ ಇರುವ ಪಲ್ಸರ್‌ನಂಥ ಗಾಡಿಗಳಲ್ಲಿ ಒಂದು ಸತ್ತರೂ ಎಂಜಿನ್ ಓಡುತ್ತೆ, ಎಳೆತ ಮತ್ತು ಮೈಲೇಜ್ ಮಾತ್ರ ಕಡಿಮೆಯಾಗುತ್ತೆ. ಹಾಗಾಗಿ ಎರಡನ್ನೂ ನೋಡಬೇಕು.

ಬಿಎಸ್6 ಗಾಡಿಯಾದರೆ

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕ್‌ಗಳಲ್ಲಿ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದೆ. ಇಲ್ಲಿ ಸ್ಕ್ರೂ ತಿರುಗಿಸಿ ಅಡ್ಜಸ್ಟ್ ಮಾಡುವ ಆಟ ನಡೆಯುವುದಿಲ್ಲ. ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ ‘ಜುಯ್’ ಅನ್ನುವ ಪಂಪ್ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ಬ್ಯಾಟರಿ, ಪಂಪ್ ಈ ಕ್ರಮದಲ್ಲಿ ನೋಡಿಸಿ. ನಿಂತ ಗಾಡಿಯ ಬ್ಯಾಟರಿ 12 ವೋಲ್ಟ್‌ಗಿಂತ ಕೆಳಗಿದ್ದರೆ ಎಂಜಿನ್ ದೋಷ ಹುಡುಕುವ ಮೊದಲು ಚಾರ್ಜ್ ಮಾಡಿಸಿ. ಮೀಟರ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಓಡುವಾಗಲೂ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಕಡೆ ಕೋಡ್ ಓದಿಸಿ, ಆಮೇಲೆ ಸಾಮಾನು ಕೊಳ್ಳಿ. ಮಿಸ್ ಹೊಡೆಯುತ್ತಲೇ ದಿನಗಟ್ಟಲೆ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ನೂರಿನ್ನೂರರ ಪ್ಲಗ್ ಉಳಿಸಲು ಹೋಗಿ ಸಾವಿರಗಟ್ಟಲೆ ಖರ್ಚು.

ಕೊನೆಗೆ ಎಂಜಿನ್

ಇಷ್ಟೆಲ್ಲ ನೋಡಿಯೂ ಸರಿಯಾಗದಿದ್ದರೆ ಟ್ಯಾಪೆಟ್. ಟಕಟಕ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದಷ್ಟು ಬಿಗಿಯಾದದ್ದು ಹೆಚ್ಚು ಅಪಾಯ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ, ಬಿಸಿಯಾದಾಗ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಕೊನೆಗೆ ವಾಲ್ವ್ ಸುಡುತ್ತೆ. ಈ ಕೆಲಸ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ, ಫೀಲರ್ ಗೇಜ್ ಇಟ್ಟು ಮಾಡಬೇಕು. ಗಾಡಿಯನ್ನು ರಾತ್ರಿಯೇ ಬಿಟ್ಟು ಬರುವುದು ಒಳ್ಳೆಯದು.

ಬೋರ್ ಬಗ್ಗೆ ಮಾತು ಬಂದರೆ ಎರಡು ಸಾಕ್ಷಿ ಕೇಳಿ. ಮೊದಲನೆಯದು ನೀಲಿ ಹೊಗೆ. ಆಕ್ಸಿಲೇಟರ್ ಕೊಟ್ಟಷ್ಟು ಹೊತ್ತೂ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು. ಸೀಲ್‌ಗೆ ಬೋರ್ ಕೆಲಸ ಬೇಕಾಗಿಲ್ಲ. ಎರಡನೆಯದು ಕಂಪ್ರೆಷನ್ ಗೇಜ್. ಪ್ಲಗ್ ತೂತಿನಲ್ಲಿ ಗೇಜ್ ಇಟ್ಟು ಅಳೆದು, ಆಮೇಲೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಎರಡನೇ ಸಲ ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಕಿಕ್ ಇರುವ ಗಾಡಿಯಲ್ಲಿ ಕಿಕ್ಕರ್ ತಡೆಯೇ ಇಲ್ಲದೆ ಕೆಳಗೆ ಬೀಳುವುದೂ ಕಂಪ್ರೆಷನ್ ಹೋದದ್ದರ ಗುರುತು.

ಮಳೆಯಲ್ಲಿ ಅಂಡರ್‌ಪಾಸ್ ನೀರಿಗೆ ಸಿಕ್ಕಿ ಬಂದ್ ಆದ ಗಾಡಿಗೆ ಮಾತ್ರ ಈ ಯಾವ ಪರೀಕ್ಷೆಯೂ ಸಲ್ಲದು. ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ತಳ್ಳಿಕೊಂಡು ಹೋಗಿ ಪ್ಲಗ್ ಬಿಚ್ಚಿಸಿ ನೀರು ತೆಗೆಸಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಟೀಯಂತೆ ಕಂಡರೆ ಬದಲಿಸದೆ ಸ್ಟಾರ್ಟ್ ಮಾಡಿಸಬೇಡಿ.