ಮಾದರಿ ಆಧಾರಿತ ಮುನ್ನೋಟ ನಿಯಂತ್ರಣದಲ್ಲಿ ಸಂವೇದಕಗಳು

ಸ್ಥಾವರದ ಗಣಿತ ಮಾದರಿಯಿಂದ ಅದರ ಮುಂದಿನ ನಡೆಯನ್ನು ಅಂದಾಜಿಸಿ, ಮಿತಿಗಳೊಳಗೆ ಅತ್ಯುತ್ತಮ ಆದೇಶವನ್ನು ಆರಿಸುವ ನಿಯಂತ್ರಣ ವಿಧಾನಕ್ಕೆ ಅಳತೆ ಒದಗಿಸುವ ಸಾಧನಗಳು. ವಿಧಾನ 1970ರ ದಶಕದಲ್ಲಿ ಪೆಟ್ರೋಲಿಯಂ ಮತ್ತು ರಾಸಾಯನಿಕ ಉದ್ಯಮಗಳಲ್ಲಿ ಬೆಳೆಯಿತು. ಫ್ರಾನ್ಸಿನ ರಿಷಲೆ ತಂಡ 1978ರಲ್ಲಿ, ಶೆಲ್ ಕಂಪನಿಯ ಕಟ್ಲರ್ ಮತ್ತು ರಾಮೇಕರ್ 1979ರಲ್ಲಿ ತಮ್ಮ ಪದ್ಧತಿಗಳನ್ನು ಮಂಡಿಸಿದರು.

ನಿಯಂತ್ರಕ ಹಲವು ಹೆಜ್ಜೆಗಳ ಯೋಜನೆ ಹಾಕಿದರೂ ಮೊದಲನೆಯದನ್ನಷ್ಟೇ ಜಾರಿಗೆ ತಂದು, ಹೊಸ ಅಳತೆ ಬಂದೊಡನೆ ಲೆಕ್ಕವನ್ನು ಮತ್ತೆ ಹಾಕುತ್ತದೆ. ಮಾದರಿ ಹೇಳಿದ್ದಕ್ಕೂ ಸಂವೇದಕ ಕಂಡದ್ದಕ್ಕೂ ಇರುವ ಅಂತರವೇ ತಿದ್ದುಪಡಿಗೆ ಆಧಾರ.

ಕಚ್ಚಾತೈಲದ ಬಟ್ಟಿ ಗೋಪುರದಲ್ಲಿ ಥರ್ಮೋಕಪಲ್ ತಾಪಮಾನವನ್ನು ಸೆಕೆಂಡುಗಳಲ್ಲಿ ತಿಳಿಸುತ್ತದೆ. ಉತ್ಪನ್ನದ ಸಂಯೋಜನೆ ಹೇಳುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಗೋಪುರದ ಸ್ಥಿತಿಯೇ ಬದಲಾಗಿರಬಹುದು. ಹಾಗಾಗಿ ತಾಪ, ಒತ್ತಡ, ಹರಿವುಗಳಿಂದ ಸಂಯೋಜನೆಯನ್ನು ಊಹಿಸುವ ‘ಸಾಫ್ಟ್ ಸೆನ್ಸರ್’ ಬಳಕೆಗೆ ಬಂದಿದೆ. ಹೆಸರು ಹೀಗಿದ್ದರೂ ಅದು ಸಾಧನವಲ್ಲ, ಬರೀ ಲೆಕ್ಕ. ಕ್ರೊಮ್ಯಾಟೋಗ್ರಾಫ್‌ನ ಫಲಿತಾಂಶ ಬಂದಾಗಲೆಲ್ಲ ಈ ಲೆಕ್ಕವನ್ನು ಸರಿಹೊಂದಿಸುತ್ತಾರೆ. ನೇರವಾಗಿ ಅಳೆಯಲಾಗದ ಸ್ಥಿತಿಗಳ ಅಂದಾಜಿಗೂ ಗದ್ದಲ ಬೆರೆತ ಸಂಕೇತಗಳನ್ನು ಸೋಸಲೂ 1960ರಲ್ಲಿ ಪ್ರಕಟವಾದ ಕಾಲ್ಮನ್ ಫಿಲ್ಟರ್ ನೆರವಾಗುತ್ತದೆ.

ಕೆಟ್ಟು ನಿಂತ ಸಂವೇದಕಕ್ಕಿಂತ ನಿಧಾನವಾಗಿ ದಾರಿ ತಪ್ಪುವ ಸಂವೇದಕ ಹೆಚ್ಚು ಅಪಾಯಕಾರಿ. ನಿಂತದ್ದು ಸುಲಭವಾಗಿ ಗೊತ್ತಾಗುತ್ತದೆ. ತಪ್ಪು ತೋರಿಸುವುದನ್ನು ನಿಯಂತ್ರಕ ನಂಬಿ, ಸರಿಯಾಗಿ ನಡೆಯುತ್ತಿದ್ದ ಸ್ಥಾವರವನ್ನೇ ‘ತಿದ್ದಲು’ ಹೊರಡುತ್ತದೆ.